ತಟ್ಟೆ ಬಡಿದರೆ ಮುಂದಿನ ಲೆಕ್ಕ

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ನನ್ನ ಮೈದುನ ಪಿಳ್ಳಪ್ಪನಿಗೆ ಆಗ ಇಪ್ಪತ್ತನಾಲ್ಕು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ವರಸೆಯಲ್ಲಿ ಚಿಕ್ಕವನು. ಹಾಗಾಗಿ ನಾನು ಅವನನ್ನು ಬೈಯಬಹುದಿತ್ತು, ಅವನು ನನ್ನನ್ನು ಬೈಯುವಂತಿರಲಿಲ್ಲ. ಆ ಮನೆಯಲ್ಲಿ ನನಗಿದ್ದ ಸುಖ ಅದೊಂದೇ.

ಅವನು ಊಟಕ್ಕೆ ಕೂತರೆ ನೋಡಬೇಕಿತ್ತು. ಮುದ್ದೆ ಮುಗಿಯುವವರೆಗೂ ಅನ್ನ ಮುಟ್ಟುತ್ತಿರಲಿಲ್ಲ. ಅನ್ನದ ಕೊನೆಯ ಅಗುಳು ಹೋಗುವವರೆಗೂ ಮಜ್ಜಿಗೆಗೆ ಕೈ ಒಡ್ಡುತ್ತಿರಲಿಲ್ಲ. ನಾನು ಸೌಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರಬೇಕು. ಎಲ್ಲರೂ ಕೈ ತೊಳೆದು ಜಗಲಿಗೆ ಹೋಗಿ ಎಲೆಅಡಿಕೆ ಹಾಕಿಕೊಂಡರೂ ಇವನು ಇನ್ನೂ ಸಾರಿನಲ್ಲಿದ್ದ ಅವರೆಕಾಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿದ್ದ. ಹಿಡಿದದ್ದನ್ನು ಅರ್ಧಕ್ಕೆ ಬಿಡುವುದು ಅವನ ಕೈಲಿ ಆಗುತ್ತಲೇ ಇರಲಿಲ್ಲ.

ಸಣ್ಣವನಿದ್ದಾಗ ಅವನನ್ನು ರಾಗಿ ಹೊಲಕ್ಕೆ ಕಳೆ ಕೀಳಲು ಕಳಿಸುತ್ತಿದ್ದರಂತೆ. ಬೇರೆಯವರು ಇಡೀ ಹೊಲ ಮುಗಿಸಿದರೂ ಇವನು ಮೊದಲನೇ ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ನಮ್ಮ ಮಾವ ನೋಡಿ ನೋಡಿ, "ಇವ್ನು ಕಳೆ ಕೀಳ್ತಿಲ್ಲ ಕಣಯ್ಯ, ಭೂಮ್ತಾಯಿ ತಲೇಲಿ ಹೇನು ನೋಡ್ತಾವ್ನೆ" ಎಂದು ಹೇಳಿ ಸ್ಕೂಲಿಗೆ ಹಾಕಿದರು. ಹೊಲಕ್ಕೆ ಆಗದವನು ಓದಿಗೆ ಆಗುತ್ತಾನೆ ಎನ್ನುವುದು ಆ ಕಾಲದ ನಂಬಿಕೆ. ಹಾಗೆ ನಮ್ಮ ಸುದ್ದಗುಂಟೆಪಾಳ್ಯದಲ್ಲಿ ಅವನು ಬಿ.ಎಸ್ಸಿ. ಪಿಳ್ಳಪ್ಪ ಆದ.

ಬಿ.ಎಸ್ಸಿ. ಆದರೆ ಸಾಲದು, ಅದರ ಮೇಲೆ ಇನ್ನೊಂದು ಓದು ಇದೆ ಎಂದ. ಅದಕ್ಕೆ ಸೇರಬೇಕಾದರೆ ಬರೀ ಲೆಕ್ಕದ್ದೇ ಒಂದು ಪರೀಕ್ಷೆ. ಒಂದೊಂದು ಲೆಕ್ಕಕ್ಕೂ ನಾಲ್ಕು ಉತ್ತರ ಅವರೇ ಅಚ್ಚು ಹಾಕಿಸಿ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಇವನು ಗುರುತು ಹಾಕಬೇಕು.

"ಉತ್ತರ ಅವ್ರಿಗೇ ಗೊತ್ತಿದ್ಮೇಲೆ ನಿನ್ನನ್ಯಾಕ್ಲಾ ಕೇಳ್ತಾರೆ?" ಎಂದರು ಮಾವ.

ಬಿ.ಎಸ್ಸಿ. ಓದಿದವನು ಪುಸ್ತಕ ತೆಗೆದು ಕೂತ.

ಆ ಲೆಕ್ಕಗಳನ್ನು ಅವನು ಗಟ್ಟಿಯಾಗಿ ಓದಿಕೊಂಡು ಮಾಡುತ್ತಿದ್ದ. ಎರಡು ರೈಲು ಎದುರುಬದುರು ಬರುವುದು, ತೊಟ್ಟಿಗೆ ಒಂದು ಕಡೆ ನೀರು ಬಿಟ್ಟು ಇನ್ನೊಂದು ಕಡೆ ತೂತು ತೆಗೆದಿಡುವುದು, ಹತ್ತು ಆಳು ಗೋಡೆ ಕಟ್ಟುತ್ತಿದ್ದರೆ ನಡುವೆ ಮೂರು ಆಳು ಓಡಿಹೋಗುವುದು. ಒಂದು ದಿನ ಬೆಳಗ್ಗೆ ಹಾಲಿನ ಲೆಕ್ಕ ತೆಗೆದ. "ಒಬ್ಬ ಹಾಲಿನವಳು ಇಷ್ಟು ಹಾಲಿಗೆ ಇಷ್ಟು ನೀರು ಬೆರೆಸಿದಳು..." ಎಂದು ಓದಿದ. ನಮ್ಮ ಅತ್ತೆ ಆಗ ಜಯನಗರದ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದರು. ಬಾವಿಕಟ್ಟೆಯ ಹತ್ತಿರ ಹಾಲಿನ ಬಿಂದಿಗೆ ಇಟ್ಟುಕೊಂಡು ನಿಂತಿದ್ದವರು ಬಂದದ್ದೇ ಪುಸ್ತಕ ಕಿತ್ತುಕೊಂಡರು.

"ಯಾವ ಬೇವಾರ್ಸಿ ಬರ್ದಿದ್ದು ಇದ್ನ? ನಾಲ್ಕನೇ ಬ್ಲಾಕಿನ ಆ ಕನ್ನಡಕದೋಳು ಹೇಳ್ಕೊಟ್ಟಳಾ?"

"ಅವ್ವಾ, ಇದು ಲೆಕ್ಕ ಕಣವ್ವಾ."

"ಹೆತ್ತ ತಾಯಿ ಹಾಲಿಗೆ ಎಷ್ಟು ನೀರು ಹಾಕ್ತಾಳೆ ಅಂತ ಲೆಕ್ಕ ಹಾಕ್ತೀಯೇನ್ಲಾ ಬೀದಿಗೆಲ್ಲ ಕೇಳೋ ಹಂಗೆ!"

ಅಂದಿನಿಂದ ಹಾಲಿನ ಲೆಕ್ಕವನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ.

ಎರಡು ಸಲ ಪರೀಕ್ಷೆಗೆ ಕೂತ, ಎರಡು ಸಲವೂ ಸೀಟು ಸಿಗಲಿಲ್ಲ. ಮಾಡಿದ್ದೆಲ್ಲ ಸರಿಯೇ. ಆದರೆ ಮುಕ್ಕಾಲು ಕಾಗದ ಮುಟ್ಟಿಯೇ ಇರುತ್ತಿರಲಿಲ್ಲ. ಒಂದು ಲೆಕ್ಕ ಬಗೆಹರಿಯದಿದ್ದರೆ ಅದರ ಹತ್ತಿರವೇ ಕೂತುಬಿಡುತ್ತಿದ್ದ. ಜಯನಗರದಲ್ಲಿ ಅವನ ಸ್ನೇಹಿತ ಶ್ರೀನಿವಾಸ ಎನ್ನುವವನಿದ್ದ. ಅವನು ಲೆಕ್ಕದಲ್ಲಿ ಇವನ ಕಾಲ್ಧೂಳಿಗೂ ಸಮನಲ್ಲ, ಆದರೂ ಅವನಿಗೆ ಮೊದಲನೇ ಸಲಕ್ಕೇ ಸೀಟು ಸಿಕ್ಕಿತು. ನಮ್ಮ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಬುದ್ಧಿ ಹೇಳಿದ.

"ಬರದೇ ಇದ್ದದ್ದನ್ನ ಬಿಟ್ಟು ಮುಂದಕ್ಕೆ ಹೋಗೋ ಗುರು. ಅಷ್ಟೇ ಗುಟ್ಟು."

"ಅದು ಹೆಂಗೋ ಬಿಡೋದು? ಎರಡು ರೈಲು ಒಂದೇ ಕಂಬಿ ಮೇಲೆ ಬರ್ತಾ ಇರ್ತವೆ. ಜನ ಇರ್ತಾರೆ ಕಣೋ ಅದರಲ್ಲಿ."

ಮೂರನೇ ಸಲಕ್ಕೆ ಅರ್ಜಿ ಹಾಕಿದಾಗ ಮಾವ ಕಂಬಕ್ಕೊರಗಿ ಕೂತು ತೀರ್ಪು ಕೊಟ್ಟರು. "ಇದೇ ಕೊನೆ. ವಯಸ್ಸು ಮುಗೀತು ಅಂತ ಅವ್ರೇ ಇನ್ನು ಸೇರ್ಸಲ್ವಂತೆ. ಆದ್ರೆ ಓದು, ಇಲ್ದಿದ್ರೆ ಮಾರನೇ ದಿನದಿಂದ್ಲೇ ಹಾಲಿನ ಬಿಂದಿಗೆ ಹೊತ್ಕೊಂಡು ಜಯನಗರಕ್ಕೆ ಹೋಗು." ಅವನು ಬಿ.ಎಸ್ಸಿ. ಎಂದು ಆ ಮನೆಗಳಲ್ಲೆಲ್ಲ ಗೊತ್ತು. ಅಲ್ಲಿಯ ಅರ್ಧ ಹುಡುಗರು ಅವನ ಕ್ಲಾಸಿನವರು. ಪಿಳ್ಳಪ್ಪನ ಮುಖ ಸುಣ್ಣವಾಯಿತು. ನನಗೆ ಮಾತ್ರ ಎರಡೂ ಒಂದೇ. ಸೀಟು ಸಿಕ್ಕರೆ ಅವನು ಹಾಸ್ಟೆಲಿಗೆ ಹೋಗುತ್ತಾನೆ, ಕಾದುಕೊಂಡು ಬಡಿಸುವುದು ತಪ್ಪುತ್ತದೆ, ಸಿಗದಿದ್ದರೆ ನಾನು ಮಾಡುತ್ತಿದ್ದ ಅವನ ಪಾಲಿನ ದನದ ಕೆಲಸ ತಪ್ಪುತ್ತದೆ.

ಅವತ್ತು ಮಧ್ಯಾಹ್ನ ಕೊಟ್ಟಿಗೆಗೆ ಬಂದ. ಒಂದು ಕೈಲಿ ಅಲಾರಂ ಗಡಿಯಾರ, ಇನ್ನೊಂದು ಕೈಲಿ ನಮ್ಮ ಕಂಚಿನ ತಟ್ಟೆ.

"ಅತ್ತಿಗೆ, ಈ ಮನೇಲಿ ದಯೆದಾಕ್ಷಿಣ್ಯ ಇಲ್ಲದೋರು ನೀವೊಬ್ಬರೇ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು."

ಹೊಗಳಿಕೆ ಎಂದೇ ತಿಳಿದುಕೊಂಡೆ. ಗಡಿಯಾರದ ದೊಡ್ಡ ಮುಳ್ಳು ಎರಡು ಗೆರೆ ದಾಟಿದ ಕೂಡಲೇ ನಾನು ಸೌಟಿನಲ್ಲಿ ತಟ್ಟೆ ಬಡಿಯಬೇಕು, ಲೆಕ್ಕ ಮುಗಿದಿರಲಿ ಬಿಡಲಿ ಅವನು ಮುಂದಿನದಕ್ಕೆ ಹೋಗಬೇಕು. ಗಡಿಯಾರ ನೋಡುವುದನ್ನು ನನಗೆ ಹೇಳಿಕೊಟ್ಟಿದ್ದೂ ಅವನೇ, ಅವತ್ತೇ. ಸಣ್ಣ ಮುಳ್ಳು ಯಾಕಿದೆ ಎಂದು ಕೇಳಿದೆ. ಅದು ನಿಮಗೆ ಬೇಡ ಎಂದ.

ಮೊದಮೊದಲು ಬಹಳ ಗೋಳಾಡಿದ. ನಾನು ಬಡಿದರೆ ಪುಸ್ತಕವನ್ನು ಎದೆಗವಚಿಕೊಳ್ಳುತ್ತಿದ್ದ.

"ಇನ್ನೊಂದೇ ಚೂರು ಅತ್ತಿಗೆ, ತೊಟ್ಟಿ ತುಂಬೋಕೆ ಬಂದಿದೆ!"

"ತುಂಬಿದ್ರೆ ನೀನೇನು ಮುಳುಗಿ ಸ್ನಾನ ಮಾಡ್ತೀಯಾ? ಬಿಡು, ಮುಂದಿಂದಕ್ಕೆ ಹೋಗು."

ಕಣ್ಣಲ್ಲಿ ನೀರು ತುಂಬಿಕೊಂಡು ಪುಟ ತಿರುಗಿಸುತ್ತಿದ್ದ. ಹೀಗೇ ದಿನವೂ ನಡೆಯಿತು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ ನೋಡುತ್ತಿದ್ದರು. "ಎತ್ತು ಪಳಗಿಸ್ತಾವ್ರೆ, ನೋಡ್ಕೊಂಡು ಹೋಗ್ರವ್ವ" ಎಂದು ಅತ್ತೆ ಅವರಿಗೆಲ್ಲ ಹೇಳುತ್ತಿದ್ದರು. ಹಬ್ಬ ಒಂದೆರಡು ಕಳೆಯುವ ಹೊತ್ತಿಗೆ ಎತ್ತು ಪಳಗಿತು. ಠಣ್ ಎಂದರೆ ಸಾಕು, ಬರೆಯುತ್ತಿದ್ದ ಅಂಕಿಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನದಕ್ಕೆ ಹಾರುತ್ತಿದ್ದ. ಊಟದಲ್ಲೂ ಅದೇ ಆಯಿತು. ಸೌಟು ಪಾತ್ರೆಗೆ ತಾಗಿದರೆ ಮುದ್ದೆ ಬಿಟ್ಟು ಅನ್ನಕ್ಕೆ ಕೈ ಹಾಕುತ್ತಿದ್ದ. ನನಗೆ ಅನುಕೂಲವೇ ಆಯಿತು. ಬೇಗ ಊಟ ಮುಗಿಸಬೇಕೆಂದರೆ ಬೇಕೆಂದೇ ತಾಗಿಸುತ್ತಿದ್ದೆ.

ಪರೀಕ್ಷೆಯ ದಿನ ಅತ್ತೆ ದೃಷ್ಟಿ ತೆಗೆದರು. ನಮ್ಮ ಯಜಮಾನರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಪರೀಕ್ಷೆ ನಡೆಯುವ ಸ್ಕೂಲಿಗೆ ಬಿಟ್ಟು ಬಂದರು. ಸಂಜೆ ಅವನು ನಡೆದುಕೊಂಡೇ ಬಂದ. ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಪೂರ್ತಿ ಕುಡಿದ. ಮನೆಯವರೆಲ್ಲ ಸುತ್ತ ನಿಂತಿದ್ದೆವು.

"ಎಷ್ಟು ಲೆಕ್ಕ ಮಾಡ್ದೆ?" ಎಂದು ಮಾವ ಕೇಳಿದರು.

"ಆರು. ಆರೂ ಸರಿ."

"ಇದ್ದದ್ದೆಷ್ಟು?"

"ನೂರು."

ನಾನು ಸುಮ್ಮನಿರದೆ, "ಮುಂದಕ್ಕೆ ಹೋಗ್ಬೇಕು ಅಂತ ಅಷ್ಟು ಬಡಿದೆನಲ್ಲೋ!" ಎಂದೆ.

"ಹೋದೆ ಅತ್ತಿಗೆ. ಗಂಟೆ ಹೊಡೆದಾಗೆಲ್ಲ ತಪ್ಪದೆ ಹೋದೆ. ಅಲ್ಲಿ ಅರ್ಧ ಗಂಟೆಗೊಂದು ಸಲ ಹೊಡೀತಾರೆ."

ಕೊಟ್ಟಿಗೆಯಲ್ಲಿ ದನ ಕೂಗಿತು.

"ಲೆಕ್ಕ ಮುಗಿದ ಮೇಲೆ ಗಂಟೆ ಹೊಡೆಯೋವರೆಗೂ ಏನೋ ಮಾಡ್ತಿದ್ದೆ?" ಎಂದು ನಮ್ಮ ಯಜಮಾನರು ಕೇಳಿದರು.

"ತಾಳೆ ನೋಡ್ತಿದ್ದೆ. ಮುಂದಕ್ಕೆ ಹೋಗೋಣ ಅಂತ ಕೈ ಎತ್ತೋದು, ಸದ್ದೇ ಆಗಿಲ್ವಲ್ಲ ಅನ್ನಿಸೋದು, ಕೈ ತಾನಾಗೇ ಹಿಂದಕ್ಕೆ ಬರೋದು."

ಅತ್ತೆ ನನ್ನ ಕಡೆ ತಿರುಗಿದರು. "ಇವ್ಳೇ! ಬಡ್ದು ಬಡ್ದು ನನ್ನ ಮಗನ್ನ ಹಾಳು ಮಾಡಿದ್ಲು!"

"ಅತ್ತಿಗೆ ತಪ್ಪೇನಿಲ್ಲವ್ವಾ," ಎಂದ ಪಿಳ್ಳಪ್ಪ. "ಅವರು ಸರಿಯಾಗೇ ಬಡಿದ್ರು. ಆ ಸ್ಕೂಲಿನೋರೇ ನಿಧಾನ."

ಅವನು ಹೇಳಿದ್ದೇ ಸರಿ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಶ್ರೀನಿವಾಸ ದೊಡ್ಡ ಆಫೀಸರಾಗಿ ರಿಟೈರಾದ. ಊಟಕ್ಕೆ ಕರೆದರೂ ಎಲೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ, ಅದೇ ಅವನ ವಿದ್ಯೆ. ಪಿಳ್ಳಪ್ಪ ಕೆಲವು ವರ್ಷ ಹಾಲು ಹಾಕಿದ, ಆಮೇಲೆ ಅದೇ ಮನೆಗಳಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿದ. ದಸರಾ ಬಂದರೂ ಮೊದಲನೇ ಪಾಠ ದಾಟುತ್ತಿರಲಿಲ್ಲ. ಚುರುಕು ಮಕ್ಕಳ ಅಪ್ಪಅಮ್ಮಂದಿರು ಬಿಡಿಸಿಕೊಂಡು ಹೋದರು. ಯಾವ ಮೇಷ್ಟರಿಗೂ ಬೇಡವಾದ ದಡ್ಡ ಮಕ್ಕಳು ಉಳಿದುಕೊಂಡವು. ಅವಕ್ಕೆ ಇವನು, ಇವನಿಗೆ ಅವು. ಒಬ್ಬರಿಗೂ ಅವಸರವಿರಲಿಲ್ಲ.

ಕೊನೆಗೆ ಅವನನ್ನು ನೋಡಿದ್ದು ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ. ಮೇಲೆ ನೇತುಹಾಕಿದ ಗ್ಲೂಕೋಸ್ ಬಾಟಲಿಯನ್ನೇ ದಿಟ್ಟಿಸುತ್ತಿದ್ದ. ಹೇಗಿದ್ದೀಯೋ ಎಂದರೆ, "ಒಂದು ನಿಮಿಷ ಅತ್ತಿಗೆ, ಇದು ಖಾಲಿಯಾಗೋಕೆ ಎಷ್ಟು ಹೊತ್ತು ಬೇಕು ಅಂತ ನೋಡ್ತಿದ್ದೀನಿ" ಎಂದ. ಅಷ್ಟರಲ್ಲಿ, ರೋಗಿಗಳನ್ನು ನೋಡಲು ಬಂದವರೆಲ್ಲ ಹೊರಡಬೇಕೆಂದು ಆಸ್ಪತ್ರೆಯವರು ಗಂಟೆ ಹೊಡೆದರು. ಅವನು ಬೆಚ್ಚಿ ಬಾಟಲಿಯಿಂದ ಕಣ್ಣು ಕಿತ್ತು ನನ್ನ ಕಡೆ ನೋಡಿದ. ನಾನು ಸೆರಗು ಸರಿಮಾಡಿಕೊಂಡು ಎದ್ದು ಬಂದೆ. ಆ ವಾರವೇ ಹೋದ.

ಅವನನ್ನು ನೆನೆದರೆ ಆಸ್ಪತ್ರೆ ಕಣ್ಣಿಗೆ ಬರುವುದಿಲ್ಲ, ಆ ಪರೀಕ್ಷೆಯ ಮಾರನೇ ಬೆಳಗ್ಗೆ ಬರುತ್ತದೆ. ಮಾವ ಹೇಳಿದ ಮಾತಿನಂತೆ ಹಾಲಿನ ಬಿಂದಿಗೆ ಬಾಗಿಲಲ್ಲಿ ತುಂಬಿ ನಿಂತಿತ್ತು. ಪಿಳ್ಳಪ್ಪ ತಲೆ ಬಗ್ಗಿಸಿಕೊಂಡು ಬಂದು ಮಣೆಯ ಮೇಲೆ ಕೂತ. ನಾನು ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಆ ಕಂಚಿನ ತಟ್ಟೆಯನ್ನೇ ತೊಳೆದು ಅದರಲ್ಲೇ ಮುದ್ದೆ ಹಾಕಿದೆ. ಪಾಪ ಎಂದೇನಲ್ಲ, ಆ ಸದ್ದು ಕೇಳಿ ಕೇಳಿ ನನಗೂ ಸಾಕಾಗಿತ್ತು. ಸೌಟು ಎಲ್ಲಿಯೂ ತಾಗದ ಹಾಗೆ ಸಾರು ಬಿಟ್ಟೆ. ಅವನು ಅವರೆಕಾಳನ್ನು ಒಂದೊಂದಾಗಿ ಆರಿಸಿ ತಿನ್ನುವವರೆಗೂ ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.