ರಾಹುಕಾಲದ ರನ್‌ವೇ

ಹೊಳೆನರಸೀಪುರದಲ್ಲಿ ವಿಮಾನ ನಿಲ್ದಾಣವಿದೆ ಎಂದರೆ ಜನ ನಕ್ಕು, ಮೊದಲು ಬಸ್ಸು ಟೈಮಿಗೆ ಸರಿಯಾಗಿ ಬರಲಿ ಅಂದಾರು. ಆದರೂ ಇತ್ತು. ದೇವಸ್ಥಾನದ ಬೀದಿಯ ಪ್ರಿಯಂವದಾ ಮೇಡಂ ಅವರ ಮೊಬೈಲಿನಲ್ಲಿ ಒಂದು ರನ್‌ವೇ, ವಿಮಾನ ನಿಲ್ಲುವ ಹದಿನಾರು ಸ್ಟ್ಯಾಂಡು, ದಿನಕ್ಕೆ ನೂರು ವಿಮಾನ. ಮೇಡಂಗೆ ಐವತ್ತಮೂರು ವಯಸ್ಸು. ದೊಡ್ಡಗದ್ದವಳ್ಳಿ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಪಾಠ, ಎರಡು ಬಸ್ಸು ಹಿಡಿದು ಹೋಗಿ ಬರುವ ನೌಕರಿ. ಜೀವನದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಎರಡು ವರ್ಷದ ಹಿಂದೆ ಅವರ ಹಳೆಯ ಶಿಷ್ಯ ವಿಶ್ವಾಸ್, ಈಗ ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನಲ್ಲಿರುವವನು, "ಮಿಸ್, ಬಸ್ಸಲ್ಲಿ ಹೊತ್ತು ಹೋಗುತ್ತೆ" ಎಂದು ಆ ಆಟವನ್ನು ಹಾಕಿಕೊಟ್ಟಿದ್ದ. ಯಾವ ವಿಮಾನ ಇಳಿಯಬೇಕು, ಯಾವ ಸ್ಟ್ಯಾಂಡಿಗೆ ಹೋಗಬೇಕು, ಯಾವಾಗ ಜನರನ್ನು ಹತ್ತಿಸಿಕೊಂಡು ಹಾರಬೇಕು, ಎಲ್ಲಕ್ಕೂ ಮೇಡಂ ಬೆರಳು ಒತ್ತಿದರೇ ಅಪ್ಪಣೆ. ತನ್ನ ಒಂದು ಮಾತಿಗೆ ನೂರು ವಿಮಾನ ಹೊರಡುವುದೆಂದರೆ ಏನು ಸುಖ ಎಂಬುದು ಬೇರೆಯವರಿಗೆ ತಿಳಿಯಲಾರದು. ಮೂವತ್ತು ವರ್ಷ ಆ ಮನೆಯಲ್ಲಿ ಬಾಳಿದವರಿಗೇ ತಿಳಿಯಬೇಕು.

ಏಕೆಂದರೆ ಯಜಮಾನರು ಪುರೋಹಿತರು. ಹೆಸರು ಸಂಪತ್ಕುಮಾರ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಎಷ್ಟೋ ಮದುವೆ, ಗೃಹಪ್ರವೇಶಗಳಿಗೆ ಅವರಿಟ್ಟದ್ದೇ ಮುಹೂರ್ತ. ಮನೆಗೆ ಹೊಸ ಪೊರಕೆ ತರಬೇಕಾದರೂ ಪಂಚಾಂಗ ತೆಗೆಯುವ ಮನುಷ್ಯ. ಹಾಗೆಂದು ಜೋರು ಮಾಡುವವರಲ್ಲ. "ರಾಹುಕಾಲ ಕಣೆ, ಒಂದೂವರೆ ಗಂಟೆ ತಾನೆ" ಎಂದು ಮೆತ್ತಗೆ ಹೇಳಿ ಬಾಗಿಲಿಗೆ ಅಡ್ಡ ನಿಂತುಬಿಡುವರು, ಅಷ್ಟೆ. ಕೂಗಾಡುವವರ ಹತ್ತಿರ ಕೂಗಾಡಬಹುದು, ಇಂಥವರ ಹತ್ತಿರ ಏನು ಮಾಡುವುದು? ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ ಹಾಸನದಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಇತ್ತು. ಊರಿನಲ್ಲೇ, ಮನೆಯಿಂದ ಹತ್ತು ಹೆಜ್ಜೆಯ ಶಾಲೆಯಲ್ಲಿ ಜಾಗ ಖಾಲಿಯಿತ್ತು. ರಾಹುಕಾಲ ಮುಗಿದು ಒಂಬತ್ತು ದಾಟುವವರೆಗೆ ಯಜಮಾನರು ಬಿಡಲಿಲ್ಲ. ಇವರು ಹೋಗಿ ತಲುಪುವಷ್ಟರಲ್ಲಿ ಹೆಸರು ಕೂಗಿ ಆಗಿತ್ತು, ಜಾಗ ಇನ್ನೊಬ್ಬರ ಪಾಲಾಗಿತ್ತು. ಅಂದಿನಿಂದ ಈ ಎರಡು ಬಸ್ಸು.

ಅದಾದ ಮೇಲೆ ಸಂಪತ್ಕುಮಾರರು ಒಂದು ಮೆಟ್ಟಿಲು ಇಳಿದು ಬಂದರು. ಪರಸ್ಥಾನ ಇಡುವ ಪದ್ಧತಿ ಶುರುವಾಯಿತು. ಹೊರಡುವವರ ಚೀಲವನ್ನು ಒಳ್ಳೆಯ ಹೊತ್ತಿನಲ್ಲಿ ಎದುರುಮನೆಗೆ ಸಾಗಿಸಿದರೆ ಹೊರಟಂತೆಯೇ ಲೆಕ್ಕ. ಆಮೇಲೆ ರಾಹುಕಾಲವಿರಲಿ ಗುಳಿಕಕಾಲವಿರಲಿ, ಚೀಲ ಎತ್ತಿಕೊಂಡು ಹೋಗಬಹುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎದುರುಮನೆಯ ಪಾಪಮ್ಮ ಹಾಲು ಮಾರುವವಳು. ಅವಳ ಜಗುಲಿಯ ಮೇಲೆ ಮೇಡಂ ಚೀಲಕ್ಕೆ ಖಾಯಂ ಒಂದು ಮೂಲೆ.

"ನಿಮ್ ಚೀಲ ಕಾದಂಗೆ ನನ್ ಗಂಡ ಒಂದಿನಾನಾದ್ರೂ ಈ ಜಗಲಿ ಕಾದಿದ್ರೆ ನಾನು ಇಂಗಿರ್ತಿರ್ನಿಲ್ಲ ಕಣ್ ಟೀಚರಮ್ಮ" ಎನ್ನುತ್ತಿದ್ದಳು ಪಾಪಮ್ಮ.

ಈಗ ಏಪ್ರಿಲ್ ತಿಂಗಳಲ್ಲಿ ವಿಮಾನ ನಿಲ್ದಾಣಕ್ಕೆ ಒಂದು ಪರೀಕ್ಷೆ ಬಂತು. ಮಂಗಳವಾರದಿಂದ ಸೋಮವಾರದವರೆಗೆ ಏಳು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಸರಾಸರಿ ನೂರಕ್ಕೆ ತೊಂಬತ್ತೈದು ವಿಮಾನ ಸಮಯಕ್ಕೆ ಸರಿಯಾಗಿ ಹೊರಡಬೇಕು. ಹೊರಟರೆ ಎರಡನೆಯ ರನ್‌ವೇ, ದೊಡ್ಡ ವಿಮಾನಗಳು, ಹೊರದೇಶದ ಹಾರಾಟ. ತಪ್ಪಿದರೆ ಮತ್ತೆ ಮೊದಲಿನಂತೆ ಎರಡೇ ಸ್ಟ್ಯಾಂಡಿನ ಬಯಲು. ಎರಡು ವರ್ಷ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮಂಗಳವಾರ ಮೇಡಂ ಊಟವನ್ನೂ ಬಿಟ್ಟು ಕೂತು ತೊಂಬತ್ತೊಂಬತ್ತು ತೆಗೆದರು. ಬುಧವಾರದಿಂದ ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಅಲ್ಲಿ ಮೊಬೈಲನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಬೇರೆ ದಾರಿ ಕಾಣದೆ ಯಜಮಾನರನ್ನೇ ಕೂರಿಸಿಕೊಂಡು ಆಟ ಕಲಿಸಿದರು. ಹಸಿರು ಬಂದರೆ ಒತ್ತಿ, ಕೆಂಪು ಬಂದರೆ ಕಾಯಿರಿ, ಇಷ್ಟೇ. ಸಂಪತ್ಕುಮಾರರು ಕನ್ನಡಕ ಒರೆಸಿಕೊಂಡು ಶ್ರದ್ಧೆಯಿಂದ ಕಲಿತರು. ಮದುವೆ ಮನೆಯಲ್ಲಿ ಐನೂರು ಜನರನ್ನು ಸಂಭಾಳಿಸುವವರು, ಇದೇನು ಮಹಾ ಎಂದು ಮೇಡಂ ಅಂದುಕೊಂಡರು. ಎಂಥ ಮಡ್ಡಿ ನಾನು ಎಂದು ಆಮೇಲೆ ತಲೆ ಚಚ್ಚಿಕೊಂಡದ್ದು ಬೇರೆ ಮಾತು.

ಬುಧವಾರ ಸಂಜೆ ಬಂದು ನೋಡಿದರೆ ತೊಂಬತ್ತು.

"ಹತ್ತು ವಿಮಾನ ಯಾಕೆ ತಡ ಆಯ್ತು?"

"ಅವು ಹನ್ನೆರಡರಿಂದ ಒಂದೂವರೆ ಒಳಗೆ ಹೊರಡಬೇಕಿತ್ತು. ಬುಧವಾರದ ರಾಹುಕಾಲ ಅಲ್ಲವೇನೆ? ಮಿಕ್ಕ ತೊಂಬತ್ತನ್ನೂ ಹೂವಿನ ಹಾಗೆ ಕಳಿಸಿದ್ದೀನಿ ನೋಡು."

ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು, ಇದು ಆಟ, ಇದಕ್ಕೆ ರಾಹುವೂ ಇಲ್ಲ ಕೇತುವೂ ಇಲ್ಲ, ಒಂದು ವಿಮಾನವನ್ನೂ ನಿಲ್ಲಿಸಕೂಡದು ಎಂದು ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿಗೆ ಹೇಳುವ ಹಾಗೆ ಮೂರು ಸಲ ಹೇಳಿದರು. ಸಂಪತ್ಕುಮಾರರು ಮೂರು ಸಲವೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಗುರುವಾರ ಸಂಜೆ ಬಾಗಿಲಲ್ಲೇ ನಗುನಗುತ್ತ ನಿಂತಿದ್ದರು. ಉಪಾಯ ಸಿಕ್ಕಿತು ಎಂದರು. ಮಧ್ಯಾಹ್ನ ಒಂದೂವರೆಗೆ ರಾಹುಕಾಲ ಹತ್ತುವ ಮೊದಲೇ ಹದಿನಾರು ಸ್ಟ್ಯಾಂಡಿನ ಹದಿನಾರು ವಿಮಾನವನ್ನೂ ಹೊರಗೆ ತಳ್ಳಿಸಿ, ರನ್‌ವೇ ಬಾಯಿಯವರೆಗೆ ಸಾಲಾಗಿ ನಿಲ್ಲಿಸಿದ್ದರು. ಸ್ಟ್ಯಾಂಡು ಬಿಟ್ಟಮೇಲೆ ಹೊರಟ ಹಾಗೇ ಅಲ್ಲವೇ? ವಿಮಾನಗಳಿಗೆ ಪರಸ್ಥಾನ.

ಮೇಡಂ ಫೋನು ಕಿತ್ತುಕೊಂಡು ನೋಡಿದರು. ಹೊರಟ ವಿಮಾನಗಳು ದಾರಿ ತುಂಬ ಅಡ್ಡ ನಿಂತು, ಇಳಿದ ವಿಮಾನಗಳಿಗೆ ಒಳಗೆ ಬರಲು ಜಾಗವಿಲ್ಲ. ಮೇಲಿರುವವು ಇಳಿಯಲು ತೆರವಿಲ್ಲದೆ ಗಿರಗಿರ ಸುತ್ತಿ ಬೇರೆ ಊರಿಗೆ ಹೋಗಿದ್ದವು. ಸಂತೆಯ ದಿನ ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ಎತ್ತಿನಗಾಡಿಯ ಅಚ್ಚು ಮುರಿದ ಹಾಗಿತ್ತು. ಅಂಕ ಎಪ್ಪತ್ತಾರು. ಎರಡು ವರ್ಷದಲ್ಲಿ ಅಂಥ ಸಂಖ್ಯೆಯನ್ನು ಅವರು ಕಂಡಿರಲಿಲ್ಲ. ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಾನು ಹೇಳಿದ್ದೇನು, ನೀವು ಮಾಡಿದ್ದೇನು?"

"ಅಷ್ಟು ಜನ ಕೂತಿರ್ತಾರಲ್ಲೇ ಒಳಗೆ. ನನ್ನ ಕೈಯಾರೆ ಕೆಟ್ಟ ಹೊತ್ತಲ್ಲಿ ಕಳಿಸಿ, ಒಂದು ಬಿದ್ದರೆ?"

"ಈ ಆಟದಲ್ಲಿ ವಿಮಾನ ಬೀಳೋದೇ ಇಲ್ಲ ರೀ."

ಸಂಪತ್ಕುಮಾರರು ಬಾಯಿ ಬಿಟ್ಟುಕೊಂಡು ನೋಡಿದರು. "ಬೀಳೋದೇ ಇಲ್ಲವಾ? ಏನು ಮಾಡಿದರೂ?"

"ಏನು ಮಾಡಿದರೂ ಬೀಳಲ್ಲ. ಇದರಲ್ಲಿ ಸೋಲೋದಕ್ಕೆ ಒಂದೇ ದಾರಿ. ತಡ ಮಾಡೋದು."

ಮೇಡಂ ಕಾಗದ ತೆಗೆದು ಲೆಕ್ಕ ಹಾಕಿದರು. ಉಳಿದ ನಾಲ್ಕು ದಿನವೂ ನೂರಕ್ಕೆ ನೂರು ಬಂದರೆ ಸರಾಸರಿ ತೊಂಬತ್ತೈದು, ಒಂದು ಕೂದಲೆಳೆ ಹೆಚ್ಚಿಲ್ಲ. ಒಂದೇ ಒಂದು ವಿಮಾನ ತಡವಾದರೂ ಮುಗಿಯಿತು. ಕಾಗದವನ್ನು ಯಜಮಾನರ ಮುಂದಿಟ್ಟು ಹೋಗಿ ಮಲಗಿದರು.

ಶುಕ್ರವಾರ ಸಂಜೆ ಅಂಕ ನೂರು.

ಮೇಡಂ ಕಣ್ಣುಜ್ಜಿಕೊಂಡು ನೋಡಿದರು. ಹತ್ತೂವರೆಯಿಂದ ಹನ್ನೆರಡರ ರಾಹುಕಾಲದಲ್ಲಿ ಹತ್ತಿಪ್ಪತ್ತು ವಿಮಾನ ಹೊರಟಿದ್ದವು, ಒಂದೂ ಅರೆ ನಿಮಿಷ ತಪ್ಪಿರಲಿಲ್ಲ. ಸಂತೋಷವಾಗಬೇಕಿತ್ತು. ಆಯಿತು ಕೂಡ, ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಇನ್ನೊಂದು ಲೆಕ್ಕ ತಲೆಗೆ ಬಂತು. ಗೊಂಬೆ ವಿಮಾನಕ್ಕಾಗಿ ಒಂದೇ ದಿನದಲ್ಲಿ ಪಂಚಾಂಗ ಮುಚ್ಚಿಟ್ಟ ಮನುಷ್ಯ ಹೆಂಡತಿಗಾಗಿ ಮೂವತ್ತು ವರ್ಷದಲ್ಲಿ ಒಂದು ದಿನ ಮುಚ್ಚಿಡಲಿಲ್ಲವಲ್ಲ.

"ಇವನ್ನೆಲ್ಲ ಕಳಿಸಿದಿರಿ. ಅವತ್ತು ಕೌನ್ಸೆಲಿಂಗಿಗೆ ನನ್ನನ್ನ ಕಳಿಸೋಕೆ ಏನಾಗಿತ್ತು ನಿಮಗೆ?"

ಸಂಪತ್ಕುಮಾರರು ಲೋಟ ಕೆಳಗಿಟ್ಟರು. "ಅವು ಏನು ಮಾಡಿದರೂ ಬೀಳಲ್ಲ ಅಂತ ನೀನೇ ಹೇಳಿದೆ. ನಿನ್ನ ವಿಷಯದಲ್ಲಿ ನನಗೆ ಹಾಗೆ ಯಾರು ಹೇಳಿದ್ದಾರೆ?"

ಆ ಮಾತು ಬಿಸಿ ತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ಪೂರ್ತಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡದ ಗಂಡನ ಮೇಲೆ ಮೇಡಂಗೆ ಎರಡರಷ್ಟು ಸಿಟ್ಟು ಬಂತು.

"ಸೋಮವಾರ ನಾನು ಎಂಟು ಗಂಟೆ ಬಸ್ಸಿಗೇ ಹೋಗೋದು. ರಾಹುಕಾಲದಲ್ಲೇ. ಚೀಲ ಪಾಪಮ್ಮನ ಜಗುಲಿಗೆ ಹೋಗಲ್ಲ, ನನ್ನ ಹೆಗಲ ಮೇಲೇ ಇರುತ್ತೆ. ಹೇಳಿದ್ದೀನಿ" ಎಂದರು.

ಶನಿವಾರ ಯಜಮಾನರು ನೂರು ತೆಗೆದರು. ಭಾನುವಾರ ಮೌಲ್ಯಮಾಪನಕ್ಕೆ ರಜೆ, ಮೇಡಂ ತಾವೇ ಕೂತು ನೂರು ತೆಗೆದರು. ಉಳಿದದ್ದು ಸೋಮವಾರ ಒಂದೇ. ವಿಶ್ವಾಸ್ ಫೋನು ಮಾಡಿ, "ಮಿಸ್, ನಮ್ಮ ಕಡೆಯವರಲ್ಲಿ ಇಲ್ಲೀವರೆಗೆ ಯಾರೂ ಎರಡನೇ ರನ್‌ವೇ ತಗೊಂಡಿಲ್ಲ" ಎಂದ. ಮೇಡಂ ಭಾನುವಾರ ಮಲಗುವ ಮುಂಚೆ ಆ ರನ್‌ವೇಯನ್ನು ಎಲ್ಲಿ ಹಾಸಬೇಕೆಂದು ನಕ್ಷೆಯಲ್ಲಿ ಬೆರಳಾಡಿಸಿ ನೋಡಿಕೊಂಡರು.

ಸೋಮವಾರ ಏಳೂಮುಕ್ಕಾಲಿಗೆ ಚೀಲ ಹೆಗಲಿಗೇರಿಸಿ ಹೊಸಿಲು ದಾಟಿದರು. ಸಂಪತ್ಕುಮಾರರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಕಂಬ ಹಿಡಿದು ನಿಂತಿದ್ದರು. ಎದುರು ಜಗುಲಿಯಿಂದ ಪಾಪಮ್ಮ, "ಇದೇನ್ ಟೀಚರಮ್ಮ, ಚೀಲಾನೂ ನೀವೂ ಒಟ್ಗೇ ಒಂಟ್ರಿ" ಎಂದಳು. ಮೇಡಂ ತಿರುಗಿ ನೋಡದೆ ಬಿರಬಿರನೆ ನಡೆದರು. ಒಂಬತ್ತಾಗಲು ಇನ್ನೂ ಎಷ್ಟಿದೆ ಎಂದು ದಾರಿಯಲ್ಲಿ ಎರಡು ಸಲ ಗಡಿಯಾರ ಮಾತ್ರ ನೋಡಿಕೊಂಡರು. ಮೂವತ್ತು ವರ್ಷ ಕಿವಿಗೆ ಬಿದ್ದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಕಿಟಕಿ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಟು ಸ್ಟ್ಯಾಂಡಿನ ಗೇಟು ದಾಟುವಾಗ ಯಾರೋ ಬಾಗಿಲು ಬಡಿದರು. ಡ್ರೈವರ್ ಬೈದುಕೊಂಡೇ ನಿಲ್ಲಿಸಿದ. ಹತ್ತಿದವರು ಸಂಪತ್ಕುಮಾರರು. ಪಂಚೆ ಮೊಣಕಾಲಿಗೆ ಕಟ್ಟಿದ್ದಾರೆ, ಹಣೆಯ ನಾಮ ಬೆವರಿಗೆ ಇಳಿದಿದೆ, ಅರವತ್ತರ ಪ್ರಾಯದಲ್ಲಿ ಬೀದಿಯುದ್ದ ಓಡಿ ಬಂದಿದ್ದಾರೆ. ಜೀವಮಾನದಲ್ಲಿ ರಾಹುಕಾಲದಲ್ಲಿ ಮನೆಯಿಂದ ಕಾಲು ಹೊರಗಿಟ್ಟವರಲ್ಲ. ಬಂದು ಪಕ್ಕದಲ್ಲಿ ಕೂತು ಏದುಸಿರು ಬಿಟ್ಟರು.

"ನೀವ್ಯಾಕೆ ಬಂದಿರಿ?"

"ನೀನೊಬ್ಬಳೇ ಹೋಗೋದು ಬೇಡ ಅನ್ನಿಸಿತು. ಏನಾದರೂ ಆದರೆ ಇಬ್ಬರಿಗೂ ಆಗಲಿ. ಸಂಜೆವರೆಗೆ ಆ ಗೇಟಿನ ಹತ್ತಿರ ಕೂತಿರ್ತೀನಿ, ನಿನಗೆ ತೊಂದರೆ ಇಲ್ಲ."

ಮೇಡಂ ಗಂಡನ ಖಾಲಿ ಕೈ ನೋಡಿದರು, ಜೇಬು ನೋಡಿದರು. "ಫೋನು?"

ಸಂಪತ್ಕುಮಾರರ ಮುಖ ಬಿಳುಚಿತು. "ಚಾರ್ಜಿಗೆ ಹಾಕಿದ್ದೆ. ಮನೇಲೇ ಇದೆ."

ಹತ್ತು ಗಂಟೆಗೆ ನಿಲ್ದಾಣ ತೆರೆಯುತ್ತದೆ. ನೂರು ವಿಮಾನ, ಒತ್ತುವ ಬೆರಳಿಲ್ಲ. ಈಗಲೇ ಇಳಿದರೆ ಹತ್ತಕ್ಕೆ ಮೊದಲು ಧಾರಾಳವಾಗಿ ಮನೆ ಸೇರಬಹುದು. ಇಬ್ಬರಿಗೂ ಆ ಲೆಕ್ಕ ಒಟ್ಟಿಗೇ ಹೊಳೆಯಿತು.

ಸಂಪತ್ಕುಮಾರರು ಸೀಟಿನ ಕಂಬಿ ಹಿಡಿದು ಎದ್ದರು. "ಇಳಿದು ಹೋಗ್ತೀನಿ. ಇನ್ನೂ ಹೊತ್ತಿದೆ."

ಮೇಡಂ ಕಿಟಕಿಯ ಕಡೆಗೆ ಸರಿದು, ಅವರ ಶಲ್ಯದ ಅಂಚು ಹಿಡಿದು ಎಳೆದು ಕೂರಿಸಿದರು. ಕಂಡಕ್ಟರಿಗೆ, "ನನಗೆ ಫ್ರೀ ಟಿಕೆಟ್, ಇವರಿಗೆ ಒಂದು ಹಾಸನ" ಎಂದರು. ಆಮೇಲೆ ಗಂಡನ ಕಡೆ ತಿರುಗಿದರು.

"ಸುಮ್ಮನೆ ಕೂತ್ಕೊಳ್ಳಿ. ಇಳಿಯೋದಕ್ಕೂ ಇದು ಒಳ್ಳೆ ಹೊತ್ತಲ್ಲ."