ಕುಂಕುಮ ಹಚ್ಚಿದ ಇಕ್ಕಳ

ಆಯುಧಪೂಜೆಯ ದಿನ ನಾನು ಹೇಳಿದ ಸುಳ್ಳಿನ ಬಗ್ಗೆ ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಐವತ್ತರ ದಶಕದಲ್ಲಿ ನಾನು ಒಂದು ಸಣ್ಣ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದೆ. ಊರಿನ ಹೆಸರು ಬೇಡ. ಬಾಗಿಲಲ್ಲಿ ನಿಂತರೆ ದೂರಕ್ಕೆ ಬೆಟ್ಟದಪುರದ ಬೆಟ್ಟ ಕಾಣುತ್ತಿತ್ತು. ಗಾಯ ತೊಳೆದು ಕಟ್ಟುವುದು, ಕತ್ತರಿ ಇಕ್ಕಳಗಳನ್ನು ಕುದಿಸಿಡುವುದು ನನ್ನ ಕೆಲಸ.

ಆ ಹಬ್ಬದಲ್ಲಿ ಸುತ್ತಲ ಹಳ್ಳಿಗಳ ಜನ ದಸರಾ ನೋಡಲು ಲಾರಿ ಹತ್ತಿ ಮೈಸೂರಿಗೆ ಹೋಗುತ್ತಿದ್ದರು. ಹೊಗೆಸೊಪ್ಪಿನ ಮೂಟೆಗಳ ಮೇಲೆ ಹೆಂಗಸರೂ ಮಕ್ಕಳೂ ಕೂತಿರುತ್ತಿದ್ದರು. ಅದಕ್ಕೇ ಡಾಕ್ಟರು ಹಿಂದಿನ ದಿನವೇ ಎಚ್ಚರಿಸಿದ್ದರು: "ಪೂಜೆ ಮಾಡ್ಕೊಳ್ರೀ, ಬೇಡ ಅನ್ನಲ್ಲ. ಒಂದು ಸೆಟ್ಟು ಮಾತ್ರ ಕುದಿಸಿ ಪೆಟ್ಟಿಗೇಲಿ ಇಟ್ಟಿರಿ. ಲಾರಿಗಳು ಓಡಾಡೋ ದಿನ."

"ಆಗಲಿ ಸಾರ್" ಎಂದೆ.

ನಮ್ಮಲ್ಲಿ ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ಬೆಳಿಗ್ಗೆ ಕದಲಿಸುವವರೆಗೆ ಯಾರೂ ಮುಟ್ಟುವುದಿಲ್ಲ. ಒಂದು ಸೆಟ್ಟನ್ನು ಪೂಜೆಗೆ ಇಡದೆ ಬಿಟ್ಟರೆ ವರ್ಷವಿಡೀ ಅದಕ್ಕೆ ದೋಷ ಎಂದು ನನ್ನ ಮನಸ್ಸು ಹೇಳಿತು. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ವಿಭೂತಿ ಬಳಿದು, ಕುಂಕುಮವನ್ನು ಕಲಸಿ ಹಚ್ಚಿದೆ. ನೀರು ಕುದಿಸುವ ಸ್ಟೌವಿಗೂ ಚೆಂಡುಹೂವಿನ ಹಾರ ಹಾಕಿದೆ.

ಕೇರಳದಿಂದ ಬಂದಿದ್ದ ನರ್ಸಮ್ಮ ನೋಡಿ ನಕ್ಕರು. "ಸ್ಟೌ ಕೂಡ ದೇವರಾಯ್ತಾ? ರೋಗಿಗಳಿಗೂ ನಾಳೆ ಬನ್ನಿ ಅಂತ ಹೇಳಿಬಿಡಿ."

"ಸುಮ್ಕಿರಿ ಸಿಸ್ಟರ್, ನಿಮಗೂ ಒಂದು ಬೊಟ್ಟು ಇಕ್ಬುಡ್ತೀನಿ" ಎಂದೆ.

ಮಧ್ಯಾಹ್ನ ತಿರುವಿನಲ್ಲಿ ಲಾರಿಯೊಂದು ಮಗುಚಿತು. ಗಾಯಗೊಂಡವರನ್ನು ಎತ್ತಿನ ಗಾಡಿಗಳಲ್ಲಿ ತಂದರು. ನರ್ಸಮ್ಮ ಜಗಲಿಯಲ್ಲಿ ಕೈಕಾಲು ಮುರಿದವರನ್ನು ನೋಡತೊಡಗಿದರು. ಒಬ್ಬ ಹೆಂಗಸನ್ನು ಮಾತ್ರ ಒಳಗೆ ಮಲಗಿಸಿದೆವು. ತೊಡೆಯ ಬುಡದಲ್ಲಿ ಸೀಳಿಹೋಗಿತ್ತು, ಬಿಗಿದು ಕಟ್ಟಲು ಜಾಗವಿರಲಿಲ್ಲ. ಡಾಕ್ಟರು ಎರಡೂ ಕೈಯಿಂದ ಒತ್ತಿ ಹಿಡಿದರು. ಬೆರಳ ಸಂದಿಯಿಂದ ರಕ್ತ ಬರುತ್ತಲೇ ಇತ್ತು.

"ಇಕ್ಕಳ ತನ್ರೀ! ಕುದಿಸಿಟ್ಟಿದ್ದೀರಲ್ಲ?"

"ಇಟ್ಟಿದ್ದೀನಿ ಸಾರ್."

ಪಕ್ಕದ ಕೋಣೆಗೆ ಓಡಿ ಇಕ್ಕಳ ಎತ್ತಿಕೊಂಡೆ. ಕೀಲಿನ ಸಂದಿಯಲ್ಲೆಲ್ಲ ಕುಂಕುಮ ಒಣಗಿ ಕೂತಿತ್ತು. ಉಜ್ಜಿದೆ, ಬಿಡಲಿಲ್ಲ. ಹಾರ ಕಿತ್ತೆಸೆದು ಸ್ಟೌ ಹಚ್ಚಲು ಹೋದರೆ ಬೆಂಕಿಕಡ್ಡಿಗಳು ಮುರಿದವು. ಕೊನೆಗೆ ಹತ್ತಿತು, ನೀರಿಟ್ಟೆ.

"ಏನ್ರೀ ಮಾಡ್ತಿದ್ದೀರಿ ಅಲ್ಲಿ?"

"ಪೆಟ್ಟಿಗೆ ಬೀಗ ಕಚ್ಕೊಂಡಿದೆ ಸಾರ್, ಬಂದೆ."

ಕುದಿಸಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರು ಇಕ್ಕಳವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ರಕ್ತನಾಳಕ್ಕೆ ಕಚ್ಚಿಸಿ ಆಗಲೇ ರಕ್ತ ನಿಲ್ಲಿಸುತ್ತಿದ್ದರು. ಬೈಗುಳಕ್ಕೆ ಹೆದರಿ ನಾನು ಹೇಳಲಿಲ್ಲ. ಅವರು ನನ್ನನ್ನು ನಂಬಿ ಕಾದರು. ನೀರು ಕುದಿ ಬರುವ ಮೊದಲೇ ಆ ಹೆಂಗಸು ಹೋಗಿಬಿಟ್ಟಿದ್ದಳು.

ಅವಳ ಗಂಡ, ನಾನಿದ್ದ ಕೋಣೆಯ ಬಾಗಿಲ ಬಳಿ ಕೂತಿದ್ದವನು, ಎದ್ದು ಬಂದ. "ನೀವೂ ಎಷ್ಟು ಒದ್ದಾಡುದ್ರಿ ಬುದ್ಧಿ, ನಾ ನೋಡ್ತಿದ್ದೆ. ಅವ್ಳ ಅಣೇಲಿ ಬರ್ದಿರ್ಲಿಲ್ಲ ಕಣ್ರಪ್ಪ" ಎನ್ನುತ್ತ ನನ್ನ ಕಾಲು ಮುಟ್ಟಿದ. ನಾನು ಹಿಂದೆ ಸರಿಯಲಿಲ್ಲ. "ಸಮಾಧಾನ ಮಾಡ್ಕಳಪ್ಪ" ಎಂದೆ.

ಹಬ್ಬ ಕಳೆದ ಮೇಲೆ ಡಾಕ್ಟರು ಮೈಸೂರಿನಿಂದ ಆ ಪೆಟ್ಟಿಗೆಗೆ ಹೊಸ ಬೀಗ ತರಿಸಿದರು. ಮತ್ತೆ ಹಾಗಾಗಬಾರದು ಎಂದು ಅವರು ಮಾಡಿದ ಏರ್ಪಾಡು ಅದೊಂದೇ. ಬೀಗದಕೈಯನ್ನು ನನಗೇ ಕೊಟ್ಟರು. ನಾನು ತೆಗೆದುಕೊಂಡೆ.