ಹೊಳಿದಂಡಿ ಓಣಿಯ ಚುಕ್ಕೆ

ಭಾರತಿಯ ಕೈ ಚುರುಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸರ್ವೆ ಆಫೀಸಿದೆ. ಅಲ್ಲಿ ಕೂತು ಅವಳು ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ನೀರಿನ ನಕ್ಷೆ ಮಾಡಿದ್ದಳು. ನಾನೂರ ಹನ್ನೆರಡು ಓಣಿ, ತಾಂಡಾ, ದೊಡ್ಡಿ. ಒಂದೊಂದಕ್ಕೆ ಒಂದೊಂದು ನೀಲಿ ಚುಕ್ಕೆ. ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಚುಕ್ಕೆಯನ್ನು ಒತ್ತಿದರೆ ಸಾಕು, ಅಲ್ಲಿ ಎಷ್ಟು ಮನೆ, ನೀರು ಸಿಹಿಯೋ ಸವುಳೋ, ಎಷ್ಟು ದೂರದಿಂದ ಹೊರಬೇಕು, ಎಲ್ಲ ಬಿಚ್ಚಿಕೊಳ್ಳುತ್ತದೆ.

ನಕ್ಷೆಯ ಪಕ್ಕಕ್ಕೆ ಫಿಲ್ಟರುಗಳ ಸಾಲು. ಹೊಸಬರಿಗೆ ಅದನ್ನು ಅವಳು ಅಡುಗೆಮನೆಯ ಭಾಷೆಯಲ್ಲೇ ಹೇಳಿಕೊಡುತ್ತಿದ್ದಳು. ಒಂದು ಫಿಲ್ಟರ್ ಎಂದರೆ ಒಂದು ಸಾಣಿಗೆ. ಮೊದಲನೆಯದನ್ನು ದಾಟಿದ್ದಷ್ಟೇ ಎರಡನೆಯದಕ್ಕೆ ಬೀಳುತ್ತದೆ, ಎರಡನ್ನೂ ದಾಟಿದ್ದಷ್ಟೇ ಮೂರನೆಯದಕ್ಕೆ. ಒಂದು ಮಾತನ್ನು ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕಾಲಂ ಖಾಲಿ ಬಿಟ್ಟ ಚುಕ್ಕೆಯನ್ನು ಯಾವ ಸಾಣಿಗೆಯೂ ದಾಟಿಸುವುದಿಲ್ಲ. ಓಣಿಗೆ ಓಣಿಯೇ ಸವುಳು ನೀರು ಕುಡಿಯುತ್ತಿರಲಿ, ಸವುಳು ಎಂದು ಬರೆಯದಿದ್ದರೆ ನಕ್ಷೆಯ ಮಟ್ಟಿಗೆ ಆ ಜನಕ್ಕೆ ಬಾಯಾರಿಕೆಯೇ ಇಲ್ಲ.

ಅವಳು ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಭೀಮಾ ದಡದ ಹೊಳಿದಂಡಿ ಓಣಿಯಲ್ಲಿ. ಅಪ್ಪ ಮೌನಪ್ಪ ಹರಿಗೋಲು ಹಾಕುವ ಅಂಬಿಗ. ಸೇತುವೆ ಬಂತು, ಹರಿಗೋಲು ಗೋಡೆಗೆ ಒರಗಿತು, ಸ್ವಲ್ಪ ದಿನಕ್ಕೆ ಅವನೂ ಹೋದ. ಅವ್ವ ಬಸ್ಸಮ್ಮ ಮೀನಿನ ಬುಟ್ಟಿ ಹೊತ್ತು ಯಾದಗಿರಿಯ ಬಜಾರು ತಿರುಗಿ ಮಗಳಿಗೆ ಡಿಗ್ರಿ ಓದಿಸಿದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅನ್ನುತ್ತಾರೆ. ಅಂಬಿಗನ ಮಗಳೇ ಹಾಗೆ ಮಾಡಿದಳು ನೋಡಿ.

ಆಫೀಸಿನ ಸೂಪರ್‌ವೈಸರ್ ಸೌಭಾಗ್ಯ ಮೇಡಂ ಅವರ ಮನೆಯ ಮೇಲಿನ ಕೋಣೆಯಲ್ಲೇ ಭಾರತಿ ಬಾಡಿಗೆಗಿದ್ದಳು. ಲಿಂಗಪೂಜೆ ಆಗದೆ ಬಾಯಿಗೆ ಚಹಾ ಸಹ ಮುಟ್ಟಿಸದ ಮನೆ ಅದು. ಬಂದ ಮೊದಲ ವಾರವೇ ಭಾರತಿ ತಾನು ಶಹಾಪುರ ಪೇಟೆಯವಳು, ಅಪ್ಪ ಬಸ್ ಕಂಡಕ್ಟರ್ ಆಗಿದ್ದರು ಎಂದುಬಿಟ್ಟಳು. ಕೇಳಿದವರು ಯಾರು? ಯಾರೂ ಇಲ್ಲ. ತಾನಾಗಿಯೇ ಹೇಳಿದ್ದು.

ಹೋದ ವರ್ಷ ಒಂದು ಮಧ್ಯಾಹ್ನ ಬಸ್ಸಮ್ಮ ಖಾಲಿ ಬುಟ್ಟಿಯನ್ನು ಬಗಲಲ್ಲಿಟ್ಟುಕೊಂಡು, ರೊಟ್ಟಿಯ ಗಂಟು ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಆಫೀಸಿನವರಿಗೆ ಮೀನಿನ ವಾಸನೆ ಆಗಬಾರದೆಂದು ಬರೀ ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ಅಷ್ಟು ತಿಳಿವಳಿಕೆ ಅವಳಿಗಿತ್ತು. ಬಾಗಿಲಲ್ಲಿ ನಿಂತವಳು ಯಾರೆಂದು ಸೌಭಾಗ್ಯ ಕೇಳಿದರು.

“ಹೊಳಿ ಕಡಿಯಾಕಿರಿ. ಗುರುತಿನಾಕಿ,” ಎಂದಳು ಭಾರತಿ.

ಬಸ್ಸಮ್ಮ ಮಗಳ ಮುಖ ನೋಡಲಿಲ್ಲ. “ಹೌದ್ರಿ, ಗುರುತಿನಾಕಿ ಅದೀನಿ,” ಎಂದು ಗಂಟನ್ನು ಹೊಸ್ತಿಲ ಒಳಗಿಟ್ಟು ಇಳಿದುಹೋದಳು. ಆ ರೊಟ್ಟಿಯನ್ನು ಭಾರತಿ, ಸೌಭಾಗ್ಯ ಇಬ್ಬರೂ ಕೂತು ಉಂಡರು. ಪಲ್ಯ ಭಾಳ ಚಲೋ ಅದ ಎಂದು ಸೌಭಾಗ್ಯ ಹೊಗಳಿದರು. ಭಾರತಿ ಹೂಂ ಎಂದು ಗೋಣು ಹಾಕಿದಳು. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೇ!

ಅದಾದ ಮೇಲೆ ಸರ್ವೆ ಶುರುವಾಯಿತು. ಹೊಳಿದಂಡಿ ಓಣಿಗೆ ಸೌಭಾಗ್ಯರ ಜೊತೆ ಅವಳೇ ಹೋಗಬೇಕಿತ್ತು. ಹೋದರೆ ಓಣಿಯ ಬಾಯಿಗೇ “ನಮ್ಮ ಬಸ್ಸಮ್ಮನ ಮಗಳು” ಎಂಬ ಮಾತು ಬರುತ್ತದೆ, ಕಂಡಕ್ಟರ್ ಅಪ್ಪನ ಬಣ್ಣ ಅಲ್ಲೇ ಬಯಲು. ಮೊದಲ ಸಲ ತಲೆನೋವು ಎಂದಳು, ಎರಡನೆಯ ಸಲ ಕಂಪ್ಯೂಟರ್ ಕೆಲಸ ಎಂದಳು. ಕೊನೆಗೆ ಜೊತೆಗಾರ ಗಯಾಸನೊಬ್ಬನನ್ನೇ ಕಳಿಸಿದಳು. ಅವನು ಬಿಸಿಲಲ್ಲಿ ಬೆಂದು ವಾಪಸು ಬಂದು, ಅವರು ಏನೂ ಹೇಳಲಿಲ್ಲ, ಆಮೇಲೆ ಹೇಳ್ತೀವಿ ಅಂತ ಚಹಾ ಕುಡಿಸಿ ಕಳಿಸಿದರು ಎಂದ. ಯಾಕೆಂದು ಭಾರತಿ ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಮೂರೂ ಕಾಲಂ ಖಾಲಿ ಬಿಟ್ಟಳು. ಷರಾ ಬರೆಯುವ ಜಾಗದಲ್ಲಿ, “ಜನರು ಮಾಹಿತಿ ನೀಡಲು ನಿರಾಕರಿಸಿದರು” ಎಂದು ಟೈಪ್ ಮಾಡಿದಳು.

ಈ ಬೇಸಿಗೆಯಲ್ಲಿ ಒಂದು ದಾನದ ಸಂಸ್ಥೆಯವರು ಮೂರು ಶುದ್ಧ ನೀರಿನ ಘಟಕ ಕೊಡಲು ಮುಂದೆ ಬಂದರು. ಎಲ್ಲಿ ಕೊಡಬೇಕೆಂದು ತೀರ್ಮಾನಿಸಲು ಸಭೆ ಕೂಡಿತು. ಸಂಸ್ಥೆಯ ಹಿರಿಯರಾದ ಚನ್ನಯ್ಯನವರ ಮುಂದೆ ಗೋಡೆಯ ಮೇಲೆ ನಕ್ಷೆ ಬಿತ್ತು, ಮೌಸು ಭಾರತಿಯ ಕೈಯಲ್ಲಿ. ಮೊದಲು “ಸವುಳು ನೀರು” ಎಂಬುದಕ್ಕೆ ಗುರುತು ಹಾಕಿದಳು. ನಾನೂರ ಹನ್ನೆರಡರಲ್ಲಿ ತೊಂಬತ್ತು ಉಳಿದವು. ಎಲ್ಲರೂ ಉಳಿದ ಚುಕ್ಕೆಗಳನ್ನು ನೋಡುತ್ತಿದ್ದರು; ಅವಳ ಕಣ್ಣು ಮಾತ್ರ ಹೊಳೆಯ ತಿರುವಿನಲ್ಲಿ ಇಲ್ಲವಾದ ಒಂದೇ ಚುಕ್ಕೆಯ ಜಾಗಕ್ಕೆ ಅಂಟಿಕೊಂಡಿತು. ಎರಡನೆಯದು, ಅರ್ಧ ಕಿಲೋಮೀಟರಿಗಿಂತ ದೂರ. ಮೂರನೆಯದು, ಐವತ್ತಕ್ಕಿಂತ ಹೆಚ್ಚು ಮನೆ. ಕೊನೆಗೆ ಸುರಪುರದ ಕಡೆ ಎರಡು, ಯಾದಗಿರಿಯ ಕಡೆ ಒಂದು ಚುಕ್ಕೆ ನಿಂತವು. ಘಟಕ ಮೂರು, ಚುಕ್ಕೆ ಮೂರು ಎಂದು ಜನ ಚಪ್ಪಾಳೆ ತಟ್ಟಿದರು.

ಹೊಳಿದಂಡಿಯಲ್ಲಿ ಅರವತ್ತನಾಲ್ಕು ಮನೆ. ಬೋರಿನ ನೀರು ಬಾಯಿಗೆ ಹಾಕಿದರೆ ಉಗುಳಬೇಕು. ಬೇಸಿಗೆಯಲ್ಲಿ ಮುಕ್ಕಾಲು ಕಿಲೋಮೀಟರ್ ನಡೆದು, ಒಣ ಹೊಳೆಯ ಉಸುಕಿನಲ್ಲಿ ವರತಿ ತೋಡಿ, ಆ ಗುಂಡಿಯಲ್ಲಿ ಒಸರಿದ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಬೇಕು. ಇದನ್ನು ಹೇಳಲು ಅವಳಿಗೆ ಯಾವ ಸರ್ವೆಯೂ ಬೇಕಿರಲಿಲ್ಲ. ಹದಿನೆಂಟು ವರ್ಷ ಹೊತ್ತ ನೀರು ಅದು.

ಚನ್ನಯ್ಯನವರು ಪೆನ್ನು ತೆಗೆದು, ಒಮ್ಮೆ ತಲೆ ಎತ್ತಿದರು. “ಯಾವ ಓಣಿನೂ ಬಿಟ್ಟು ಹೋಗಿಲ್ಲಲ್ಲವ್ವ?”

“ಇಲ್ರಿ,” ಎಂದಳು ಭಾರತಿ. ಸಹಿ ಬಿತ್ತು.

ಮರುದಿನ ರಜೆ ಹಾಕಿ ಶಹಾಪುರದ ಬಸ್ಸು ಹತ್ತಿದಳು. ಯಾರಿಗೂ ತಿಳಿಯದಂತೆ ಕಾಲಂ ತುಂಬಿಬಿಟ್ಟರೆ ಮುಂದಿನ ವರ್ಷದ ಪಟ್ಟಿಗಾದರೂ ಬಂದೀತು ಎಂಬ ಲೆಕ್ಕ. ಬಸ್ಸಮ್ಮ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಮಗಳನ್ನು ಕಂಡವಳೇ ಕೈ ಒರೆಸಿಕೊಂಡು ಚಾಪೆ ಹಾಸಿದಳು, ನಾಲ್ಕು ಮನೆಯ ಹೆಂಗಸರಿಗೆ ಕೂಗು ಹಾಕಿದಳು. ಬಂದವರ ಮುಖದಲ್ಲಿ ಏನು ಖುಷಿ! ಎಷ್ಟು ಮನೆ, ಎಷ್ಟು ದೂರ ಎಂದು ಅವಳು ಕೇಳಿದ್ದಕ್ಕೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಆಮೇಲೆ ಒಬ್ಬಳು, ಹಾಗಾದರೆ ನೀರಿನ ಮಷೀನು ಯಾವಾಗ ಬರುತ್ತದೆ ಎಂದಳು. ಈ ಸಲ ಇಲ್ಲ, ಪಟ್ಟಿ ನಿನ್ನೆಯೇ ಆಗಿಹೋಯಿತು ಎಂದು ಭಾರತಿ ನೆಲ ನೋಡುತ್ತ ಹೇಳಿದಳು. ಅಷ್ಟಕ್ಕೆ ಸುಮ್ಮನಿದ್ದರೆ ಆಗಿತ್ತು. ತಪ್ಪಿನಲ್ಲಿ ಅರ್ಧ ಪಾಲನ್ನು ಇನ್ನೊಬ್ಬರ ತಲೆಗೆ ಕಟ್ಟುವ ಆಸೆ ಮನುಷ್ಯರಿಗೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಆಫೀಸಿನಿಂದ ಗಯಾಸ ಬಂದಾಗ ಯಾಕೆ ಹೇಳಲಿಲ್ಲ ಎಂದು ಅವ್ವನನ್ನೇ ಕೇಳಿದಳು.

“ನಾನ ಹೇಳಬ್ಯಾಡ್ರಿ ಅಂದಿದ್ದೆ,” ಎಂದಳು ಬಸ್ಸಮ್ಮ. “ನಮ್ಮ ಭಾರತಿ ಬರ್ತಾಳ, ಆಕೀ ಕೈಲೇ ಬರೆಸೋಣು ಅಂದೆ. ಓಣಿಯೆಲ್ಲ ನಿನ್ನ ದಾರಿ ಕಾದದ. ನಿನ್ನ ಹೆಸರು ಮಾತ್ರ ಆ ಹುಡುಗನ ಮುಂದ ಎತ್ತಿಲ್ಲ. ನಿನಗ ನಾಚಿಕಿ ಆಗ್ತದಲ್ಲ.”

ಭಾರತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಮೊಬೈಲಿನಲ್ಲಿ ಮೂರೂ ಕಾಲಂ ತುಂಬಿದಳು. ಷರಾದ ಜಾಗಕ್ಕೆ ಬಂದು, ನಿರಾಕರಿಸಿದರು ಎಂದಿದ್ದನ್ನು ಅಳಿಸಿ ಬೇರೆ ಬರೆದಳು. ಏನು ಬರೆದೆ ಎಂದು ಅವ್ವ ಕೇಳಿದ್ದಕ್ಕೆ ಓದಿ ಹೇಳಿದಳು: “ಜನರು ನಿರಾಕರಿಸಿರಲಿಲ್ಲ. ಸರ್ವೆ ಮಾಡಬೇಕಾದ ಭಾರತಿ ಹೋಗಿರಲಿಲ್ಲ.”

ಬಸ್ಸಮ್ಮ ಗಾಬರಿಯಾದಳು. “ಹಂಗ ಬರೀಬ್ಯಾಡ ಯವ್ವ, ನೌಕರಿ ಹೋಗ್ತದ. ನಾವ ಒಲ್ಲೆ ಅಂದ್ವಿ ಅಂತ ಇರ್ಲಿ ಬಿಡು. ನಮಗೇನಾಗ್ತದ?”

ಭಾರತಿ ಬರೆದದ್ದನ್ನು ಹಾಗೆಯೇ ಕಳಿಸಿದಳು. ಚಹಾ ಕುದಿಯುವಷ್ಟರಲ್ಲಿ ಸೌಭಾಗ್ಯರ ಫೋನು ಬಂತು. ಇದೇನು ಬರೆದೀ, ಎಲ್ಲಿ ಇದ್ದೀ ಎಂದು ಅವರು ಕೇಳುತ್ತಿದ್ದುದು ಬಸ್ಸಮ್ಮನಿಗೂ ಕೇಳಿಸಿತು. ಅವಳು ಮಗಳ ಮಾತಿಗೆ ಅಡ್ಡಿಯಾಗಬಾರದೆಂದು ಎದ್ದು ಹೊರಗೆ ನಡೆದಳು.

“ಹೊಳಿದಂಡಿ ಓಣ್ಯಾಗ ಅದೀನ್ರಿ,” ಎಂದಳು ಭಾರತಿ. “ನಮ್ಮವ್ವನ ಮನ್ಯಾಗ. ಅವತ್ತ ಪುಂಡಿಪಲ್ಯ ತಂದಿದ್ದಾಕಿ ನಮ್ಮವ್ವರಿ.”

ಹೊಸ್ತಿಲಲ್ಲಿ ಬಸ್ಸಮ್ಮ ಒಂದು ಗಳಿಗೆ ನಿಂತಳು. ತಿರುಗಿ ನೋಡಲಿಲ್ಲ. ಗೋಡೆಯ ಬದಿಗಿದ್ದ ಎರಡು ಕೊಡಗಳನ್ನು ಎತ್ತಿಕೊಂಡು, ಮುಕ್ಕಾಲು ಕಿಲೋಮೀಟರ್ ದೂರದ ವರತಿಯ ಕಡೆಗೆ ಹೊರಟಳು.